ಅಬ್ರಹಾಂ ಲಿಂಕನ್ ಮತ್ತು ನೌಕಾಧಿಕಾರಿಗಳು

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–1865) ಅಧ್ಯಕ್ಷ ಅಬ್ರಹಾಂ ಲಿಂಕನ್ ತನ್ನ ನೌಕಾಪಡೆಯ ಅಧಿಕಾರಿಗಳೊಡನೆ ಹೊಂದಿದ್ದ ಸಂಬಂಧ ಈ ಲೇಖನದ ವಿಷಯ. ಲಿಂಕನ್ ಮತ್ತು ಭೂಸೇನೆಯ ಸೇನಾನಿಗಳಾದ ಮ್ಯಾಕ್ಲೆಲನ್, ಗ್ರಾಂಟ್, ಶರ್ಮನ್ ಇವರ ನಡುವಿನ ವ್ಯವಹಾರ ಸಾಕಷ್ಟು ಪ್ರಸಿದ್ಧವಾಗಿದೆ. ನೌಕಾಪಡೆಯ ಸಂಗತಿ ಅಷ್ಟು ಪರಿಚಿತವಲ್ಲ. ಭೂಸೇನೆಯ ವಿಷಯದಲ್ಲಿ ದಿನದಿನವೂ ತಲೆಹಾಕುತ್ತಿದ್ದ ಲಿಂಕನ್ ನೌಕಾಪಡೆಯನ್ನು ಬಹುಮಟ್ಟಿಗೆ ಅದರ ಕಾರ್ಯದರ್ಶಿ ಗಿಡಿಯನ್ ವೆಲ್ಸ್‌ನ ಕೈಗೆ ಒಪ್ಪಿಸಿದ್ದನು. ಆದರೂ ನಾಲ್ಕು ವರ್ಷಗಳಲ್ಲಿ ಕೆಲವು ಸಂದರ್ಭಗಳಲ್ಲಿ ಆತನೇ ನೇರವಾಗಿ ಕೈಹಾಕಿದ್ದುಂಟು. ಇವುಗಳಲ್ಲಿ ಒಂದು ದೊಡ್ಡ ಎಡವಟ್ಟಾಯಿತು, ಒಂದೆರಡು ಫಲ ಕೊಟ್ಟವು, ಒಂದರ ಬಗೆಗೆ ಇಂದಿಗೂ ಚರ್ಚೆಯಿದೆ.

ಹಿನ್ನೆಲೆ

ಲಿಂಕನ್ ಸಮುದ್ರವನ್ನು ಬಲ್ಲವನಲ್ಲ, ನದಿಯನ್ನು ಬಲ್ಲವನು. 1828ರಲ್ಲಿ ಮತ್ತು 1831ರಲ್ಲಿ ಸರಕು ತುಂಬಿದ ಚಪ್ಪಟೆ ತಳದ ದೋಣಿಯಲ್ಲಿ ಮಿಸಿಸಿಪಿ ನದಿಯ ಮೇಲೆ ನ್ಯೂ ಆರ್ಲಿಯನ್ಸ್‌ವರೆಗೆ ಹೋಗಿಬಂದಿದ್ದನು. ಮರಳ ದಿಬ್ಬಗಳಿಗೆ ಸಿಕ್ಕಿಬಿದ್ದ ದೋಣಿಗಳನ್ನು ಗಾಳಿಚೀಲಗಳ ಸಹಾಯದಿಂದ ಮೇಲೆತ್ತುವ ಸಾಧನವೊಂದನ್ನು ರೂಪಿಸಿ 1849ರಲ್ಲಿ ಅದಕ್ಕೆ ಪೇಟೆಂಟ್ (ಸಂಖ್ಯೆ 6469) ಪಡೆದನು. ಪೇಟೆಂಟ್ ಪಡೆದ ಏಕೈಕ ಅಮೆರಿಕನ್ ಅಧ್ಯಕ್ಷ ಈತನೇ. ಆ ಸಾಧನ ಬಳಕೆಗೆ ಬರಲಿಲ್ಲವಾದರೂ, ಯಂತ್ರಗಳಲ್ಲಿ ಮತ್ತು ಹೊಸ ಬಗೆಯ ಹಡಗುಗಳಲ್ಲಿ ಲಿಂಕನ್‌ನಿಗಿದ್ದ ಆಸಕ್ತಿಯ ಮೂಲವನ್ನು ಅದು ತೋರಿಸುತ್ತದೆ.

1861ರ ಮಾರ್ಚ್ 4ರಂದು ಲಿಂಕನ್ ಅಧಿಕಾರ ವಹಿಸಿಕೊಂಡಾಗ ನೌಕಾಪಡೆಯಲ್ಲಿ ಸುಮಾರು 90 ಹಡಗುಗಳಿದ್ದವು. ಅವುಗಳಲ್ಲಿ ಕೆಲಸಕ್ಕೆ ಸಿದ್ಧವಾಗಿದ್ದವು ಅರ್ಧಕ್ಕಿಂತ ಕಡಿಮೆ; ಅವುಗಳಲ್ಲೂ ಹಲವು ದೂರದ ಸಮುದ್ರಗಳಲ್ಲಿದ್ದವು. ಅಧಿಕಾರಿಗಳಿಗೆ ಬಡ್ತಿ ಸಿಗುತ್ತಿದ್ದುದು ಕೇವಲ ಹಿರಿತನದಿಂದ, ಮತ್ತು ನಿವೃತ್ತಿಯ ನಿಯಮ ಸರಿಯಾಗಿ ಇರಲಿಲ್ಲ. ಹೀಗಾಗಿ ಪಟ್ಟಿಯ ಮೇಲ್ತುದಿಯಲ್ಲಿ ಹಡಗು ಏರಲಾರದ ವೃದ್ಧರೇ ತುಂಬಿದ್ದರು.

ಕಾರ್ಯದರ್ಶಿಯಾಗಿ ಬಂದ ವೆಲ್ಸ್ ಕನೆಕ್ಟಿಕಟ್ ರಾಜ್ಯದ ಪತ್ರಕರ್ತ. ಹಿಂದೆ ಮೂರು ವರ್ಷ ನೌಕಾಪಡೆಯ ಆಹಾರ ಮತ್ತು ಉಡುಪಿನ ವಿಭಾಗವನ್ನು ನೋಡಿಕೊಂಡಿದ್ದನು. ಉದ್ದನೆಯ ಬಿಳಿಯ ಗಡ್ಡ, ಹೊಂದದ ಟೋಪನ್ ಧರಿಸಿದ್ದ ಈತನನ್ನು ಲಿಂಕನ್ ಸಲುಗೆಯಿಂದ 'ನೆಪ್ಚೂನ್' ಎಂದು, ಎಂದರೆ ರೋಮನ್ನರ ಸಮುದ್ರದೇವತೆಯ ಹೆಸರಿನಿಂದ, ಕರೆಯುತ್ತಿದ್ದನು. ಪತ್ರಿಕೆಗಳು ವೆಲ್ಸ್‌ನನ್ನು ಗೇಲಿ ಮಾಡಿದವು. ಆದರೆ ಲೆಕ್ಕದಲ್ಲಿ ಕಟ್ಟುನಿಟ್ಟು, ಮನುಷ್ಯರನ್ನು ಅಳೆಯುವುದರಲ್ಲಿ ನಿರ್ದಾಕ್ಷಿಣ್ಯ ಎಂಬ ಗುಣಗಳಿಂದಾಗಿ ಲಿಂಕನ್ ಆತನನ್ನು ಕೊನೆಯವರೆಗೂ ಬಿಡಲಿಲ್ಲ. ವೆಲ್ಸ್‌ಗೆ ಕೆಳಗೆ, ಸಹಾಯಕ ಕಾರ್ಯದರ್ಶಿಯಾಗಿ, ಹಿಂದೆ ನೌಕಾಪಡೆಯಲ್ಲಿದ್ದ ಗುಸ್ಟಾವಸ್ ಫಾಕ್ಸ್ ಇದ್ದನು. ಸಮುದ್ರದ ಅನುಭವ ಈತನದು.

ಪೊಹಾಟನ್ ಪ್ರಕರಣ

ಮೊದಲ ತಿಂಗಳಲ್ಲೇ ಲಿಂಕನ್ ತಪ್ಪಿ ನಡೆದನು. ದಕ್ಷಿಣದ ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯಲ್ಲಿದ್ದ ಸರ್ಕಾರದ ಸೈನಿಕರಿಗೆ ಆಹಾರ ಮುಗಿಯುತ್ತಿತ್ತು. ಅವರಿಗೆ ನೆರವು ಕಳಿಸಲು ಫಾಕ್ಸ್‌ನ ಯೋಜನೆ ಸಿದ್ಧವಾಯಿತು. ಅದರ ಮುಖ್ಯ ಬಲ 'ಪೊಹಾಟನ್' ಎಂಬ ಯುದ್ಧನೌಕೆ. ಅದೇ ವೇಳೆ ವಿದೇಶಾಂಗ ಕಾರ್ಯದರ್ಶಿ ಸ್ಯೂವರ್ಡ್ ಫ್ಲಾರಿಡಾದ ಪಿಕನ್ಸ್ ಕೋಟೆಯನ್ನು ಉಳಿಸಿಕೊಳ್ಳಲು ಬೇರೊಂದು ಯೋಜನೆ ಹೂಡಿದನು. ಏಪ್ರಿಲ್ 1ರಂದು ಸ್ಯೂವರ್ಡ್, ಸೇನೆಯ ಎಂಜಿನಿಯರ್ ಮೈಗ್ಸ್ ಮತ್ತು ನೌಕಾಪಡೆಯ ಲೆಫ್ಟಿನೆಂಟ್ ಡೇವಿಡ್ ಡಿಕ್ಸನ್ ಪೋರ್ಟರ್ ಸೇರಿ ಲಿಂಕನ್‌ನ ಮುಂದೆ ಆಜ್ಞಾಪತ್ರಗಳ ಕಟ್ಟೊಂದನ್ನು ಇಟ್ಟರು. ಲಿಂಕನ್ ಸಹಿ ಹಾಕಿದನು. ವೆಲ್ಸ್‌ಗೆ ಇದಾವುದೂ ತಿಳಿದಿರಲಿಲ್ಲ.

ಆ ಪತ್ರಗಳಲ್ಲೊಂದು ಪೊಹಾಟನ್ ನೌಕೆಯನ್ನು ಪೋರ್ಟರ್‌ಗೆ ವಹಿಸಿ ಪಿಕನ್ಸ್ ಕೋಟೆಗೆ ಕಳಿಸುವಂಥದು. ಮತ್ತೊಂದು, ಅಧಿಕಾರಿಗಳ ನೇಮಕಾತಿಯನ್ನು ನಿರ್ವಹಿಸುವ ಸ್ಥಾನಕ್ಕೆ ಕ್ಯಾಪ್ಟನ್ ಸ್ಯಾಮ್ಯುಯಲ್ ಬ್ಯಾರನ್‌ನನ್ನು ತರುವಂಥದು. ಈ ಎರಡನೆಯದು ಅದೇ ದಿನ ವೆಲ್ಸ್‌ನ ಕೈಸೇರಿತು. ಆತ ಆಗಿಂದಾಗ್ಗೆ ಲಿಂಕನ್‌ನ ಬಳಿಗೆ ಹೋಗಿ ವಿರೋಧಿಸಿದನು. ಓದದೆ ಸಹಿ ಮಾಡಿದೆನೆಂದು ಒಪ್ಪಿಕೊಂಡು ಲಿಂಕನ್ ಅದನ್ನು ರದ್ದುಮಾಡಿದನು. ಬ್ಯಾರನ್ ಕೆಲವೇ ದಿನಗಳಲ್ಲಿ ದಕ್ಷಿಣದ ಪಕ್ಷ ಸೇರಿದನೆಂಬುದನ್ನು ನೆನೆದರೆ ಆ ರದ್ದತಿಯ ಬೆಲೆ ತಿಳಿಯುತ್ತದೆ.

ಪೊಹಾಟನ್ ಸಂಗತಿ ಬೆಳಕಿಗೆ ಬಂದದ್ದು ಐದು ದಿನ ತಡವಾಗಿ. ನಡುರಾತ್ರಿಯಲ್ಲಿ ವೆಲ್ಸ್ ಮತ್ತು ಸ್ಯೂವರ್ಡ್ ಇಬ್ಬರೂ ಲಿಂಕನ್‌ನ ಮುಂದೆ ನಿಂತರು. ಹಡಗನ್ನು ಮೊದಲಿನ ಕ್ಯಾಪ್ಟನ್‌ಗೇ ಹಿಂದಿರುಗಿಸಬೇಕೆಂದು ಲಿಂಕನ್ ನಿರ್ಣಯಿಸಿ, ತಪ್ಪನ್ನು ತನ್ನ ಮೇಲೆ ಹಾಕಿಕೊಂಡನು. ತಂತಿ ಕಳಿಸಿದವನು ಸ್ಯೂವರ್ಡ್. ಕೆಳಗಿದ್ದ ಹೆಸರೂ ಸ್ಯೂವರ್ಡನದೇ. ಅಷ್ಟರಲ್ಲಿ ನ್ಯೂಯಾರ್ಕ್ ಬಿಟ್ಟು ಹೊರಟಿದ್ದ ಪೋರ್ಟರ್, ತನ್ನ ಬಳಿ ಇರುವುದು ಅಧ್ಯಕ್ಷನ ಸಹಿಯ ಆಜ್ಞೆ, ಅದನ್ನು ಮಂತ್ರಿಯ ತಂತಿ ತೆಗೆದುಹಾಕಲಾರದು ಎಂದು ವಾದಿಸಿ ಮುಂದೆ ಸಾಗಿದನು. ಕಾನೂನಿನ ಕಣ್ಣಿನಲ್ಲಿ ಆತನ ವಾದ ತಪ್ಪಾಗಿರಲಿಲ್ಲ. ಏಪ್ರಿಲ್ 12ರಂದು ಫಾಕ್ಸ್ ಚಾರ್ಲ್ಸ್‌ಟನ್ ಮುಂದೆ ಪೊಹಾಟನ್‌ಗಾಗಿ ಕಾಯುತ್ತಿರುವಾಗಲೇ ಸಮ್ಟರ್ ಮೇಲೆ ಗುಂಡಿನ ಸುರಿಮಳೆ ಆರಂಭವಾಯಿತು. ಮರುದಿನ ಕೋಟೆ ಶರಣಾಯಿತು. ಒಂದೇ ಹಡಗು ಬಂದಿದ್ದರೆ ಕೋಟೆ ಉಳಿಯುತ್ತಿತ್ತೆಂದು ಹೇಳುವುದು ಕಷ್ಟ. ಆದರೆ ಇಲಾಖೆಯ ಕಾರ್ಯದರ್ಶಿಯನ್ನು ಬದಿಗಿಟ್ಟು ಹಡಗುಗಳಿಗೆ ಆಜ್ಞೆ ಕಳಿಸುವ ಅಭ್ಯಾಸವನ್ನು ಲಿಂಕನ್ ಅಲ್ಲಿಂದ ಮುಂದೆ ಬಿಟ್ಟನು.

ನಿಷ್ಠೆಯ ಪ್ರಶ್ನೆ

ಸಮ್ಟರ್ ಬಿದ್ದ ಮೇಲೆ ದಕ್ಷಿಣ ಮೂಲದ ಅಧಿಕಾರಿಗಳಲ್ಲಿ ಯಾರು ಉಳಿಯುವರು, ಯಾರು ಹೋಗುವರು ಎಂಬುದೇ ದೊಡ್ಡ ಚಿಂತೆಯಾಯಿತು. ಮುನ್ನೂರಕ್ಕೂ ಹೆಚ್ಚು ಅಧಿಕಾರಿಗಳು ರಾಜೀನಾಮೆ ಕೊಟ್ಟರು ಅಥವಾ ವಜಾ ಆದರು. ವರ್ಜೀನಿಯಾದ ಗಾಸ್ಪೋರ್ಟ್ ನೌಕಾ ಕಾರ್ಯಾಗಾರದ ಮುಖ್ಯಸ್ಥ ಕಮಡೋರ್ ಮೆಕಾಲಿ ನಿಷ್ಠನೇ ಆಗಿದ್ದರೂ ವೃದ್ಧನೂ ಅನಿಶ್ಚಿತನೂ ಆಗಿದ್ದನು. ಏಪ್ರಿಲ್ 20ರಂದು ಆ ನೆಲೆಯನ್ನು ಅವಸರದಲ್ಲಿ ಸುಟ್ಟು ಬಿಟ್ಟುಹೋದಾಗ ಸಾವಿರಕ್ಕೂ ಮಿಕ್ಕ ಫಿರಂಗಿಗಳು ದಕ್ಷಿಣದವರ ಪಾಲಾದವು. ಅರೆ ಸುಟ್ಟು ಮುಳುಗಿದ 'ಮೆರಿಮ್ಯಾಕ್' ಹಡಗಿನ ಒಡಲೂ ಅವರಿಗೇ ಸಿಕ್ಕಿತು.

ವಾಷಿಂಗ್ಟನ್ ನೌಕಾ ಕಾರ್ಯಾಗಾರದ ಮುಖ್ಯಸ್ಥ ಫ್ರ್ಯಾಂಕ್ಲಿನ್ ಬುಕಾನನ್‌ನ ಕಥೆ ಇನ್ನೂ ವಿಚಿತ್ರವಾದುದು. ಏಪ್ರಿಲ್ ಆರಂಭದಲ್ಲಿ ಆತನ ಮಗಳ ಮದುವೆಗೆ ಲಿಂಕನ್ ಸ್ವತಃ ಹೋಗಿದ್ದನು. ಅದೇ ತಿಂಗಳ 22ರಂದು, ತನ್ನ ಮೇರಿಲ್ಯಾಂಡ್ ರಾಜ್ಯ ಒಕ್ಕೂಟವನ್ನು ತೊರೆಯುವುದೆಂದು ನಂಬಿ ಬುಕಾನನ್ ರಾಜೀನಾಮೆ ಕೊಟ್ಟನು. ಮೇರಿಲ್ಯಾಂಡ್ ತೊರೆಯಲಿಲ್ಲ. ರಾಜೀನಾಮೆಯನ್ನು ಹಿಂದಕ್ಕೆ ಪಡೆಯಲು ಆತ ಕೇಳಿಕೊಂಡಾಗ ವೆಲ್ಸ್ ಒಪ್ಪಲಿಲ್ಲ. ಮುಂದೆ ಮೆರಿಮ್ಯಾಕ್‌ನ ಒಡಲ ಮೇಲೆ ಕಟ್ಟಿದ ಕಬ್ಬಿಣದ ಕವಚದ 'ವರ್ಜೀನಿಯಾ' ಹಡಗನ್ನು ನಡೆಸಿ ಉತ್ತರದ ನೌಕಾಪಡೆಗೆ ಆ ಯುದ್ಧದ ಅತಿ ಕೆಟ್ಟ ದಿನವನ್ನು ತೋರಿಸಿದವನು ಇದೇ ಬುಕಾನನ್.

ದಿಗ್ಬಂಧನ ಮತ್ತು ಧಾರವಾಡದ ಹತ್ತಿ

1861ರ ಏಪ್ರಿಲ್ 19ರಂದು ಲಿಂಕನ್ ದಕ್ಷಿಣದ ಕರಾವಳಿಗೆ ನೌಕಾ ದಿಗ್ಬಂಧನವನ್ನು ಘೋಷಿಸಿದನು. ಯಾವ ಹಡಗೂ ಒಳಗೆ ಬರದಂತೆ, ಹೊರಗೆ ಹೋಗದಂತೆ ತಡೆಯುವುದು ಇದರ ಉದ್ದೇಶ. ಕರಾವಳಿಯ ಉದ್ದ ಸುಮಾರು 3,500 ಮೈಲಿ. ಇದ್ದ ಹಡಗುಗಳಿಂದ ಇದು ಅಸಾಧ್ಯವೆಂಬುದು ಎಲ್ಲರಿಗೂ ತಿಳಿದಿತ್ತು. ವ್ಯಾಪಾರದ ಹಡಗು, ದೋಣಿ, ಉಗಿನಾವೆಗಳನ್ನು ಕೊಂಡು ಫಿರಂಗಿ ಕೂರಿಸಿ, ಹೊಸವನ್ನು ಕಟ್ಟಿಸಿ, ಯುದ್ಧದ ಅಂತ್ಯದ ವೇಳೆಗೆ ವೆಲ್ಸ್ ಸುಮಾರು 670 ಹಡಗುಗಳನ್ನು ಒಟ್ಟುಗೂಡಿಸಿದನು. ಬಂದರಿನ ಬಾಯಲ್ಲಿ ತಿಂಗಳುಗಟ್ಟಲೆ ಲಂಗರು ಹಾಕಿ ನಿಲ್ಲುವ ಈ ಕೆಲಸ ಅಧಿಕಾರಿಗಳಿಗೆ ಬೇಸರದ್ದು, ಕೀರ್ತಿ ತರುವಂಥದಲ್ಲ. ಆದರೆ ಯುದ್ಧವನ್ನು ಗೆಲ್ಲಿಸಿದ ಕೆಲಸಗಳಲ್ಲಿ ಇದೂ ಒಂದು.

ಈ ಆಜ್ಞೆಯ ಪರಿಣಾಮ ಕನ್ನಡ ನಾಡನ್ನೂ ಮುಟ್ಟಿತು. ಅದುವರೆಗೆ ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹೋಗುತ್ತಿತ್ತು. ಅದು ನಿಂತೊಡನೆ ವ್ಯಾಪಾರಿಗಳ ಕಣ್ಣು ಭಾರತದ ಮೇಲೆ ಬಿತ್ತು. ಇಂದಿನ ಹಾವೇರಿ ಜಿಲ್ಲೆಯ ಬಹುಭಾಗ, ಸವಣೂರಿನ ನವಾಬನ ಸೀಮೆಯನ್ನು ಬಿಟ್ಟು, ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾನಗಲ್ಲು ಕೆರೆಗಳ, ಭತ್ತದ ಸೀಮೆ. ಹತ್ತಿ ಬೆಳೆಯುತ್ತಿದ್ದುದು ಅದರ ಪೂರ್ವ ಮತ್ತು ಉತ್ತರದ ಎರೆಭೂಮಿಯಲ್ಲಿ. ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್‌ನ ಬೀಜದ ಹತ್ತಿಯನ್ನು ಬೆಳೆಸಲಾಗಿತ್ತು. ಅದು 'ಧಾರವಾಡ-ಅಮೆರಿಕನ್' ಎಂದೇ ಹೆಸರಾಯಿತು. ನಾಟಿ ಹತ್ತಿ ಸಾಗುವ ಬಂದರಿನ ಹೆಸರಿನಿಂದ 'ಕುಮಟಾ ಹತ್ತಿ' ಎನಿಸಿತ್ತು. ಯುದ್ಧದ ವರ್ಷಗಳಲ್ಲಿ ಎರಡರ ಬೆಲೆಯೂ ಹಲವು ಪಟ್ಟು ಏರಿತು. ಹತ್ತಿಯ ಅಂಡಿಗೆಗಳನ್ನು ಹೊತ್ತ ಬಂಡಿಗಳು ಘಟ್ಟ ಇಳಿಯುವ ದಾರಿಗಳಿಗೆ ಹೊಸ ಮಹತ್ವ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿಗೆ ಸೇರಿಸಿದುದಕ್ಕೆ ಕಾರವಾರವನ್ನು ಧಾರವಾಡದ ಹತ್ತಿಗೆ ಬಂದರಾಗಿಸುವ ಒತ್ತಾಯವೂ ಒಂದು ಕಾರಣ. 1865ರಲ್ಲಿ ಯುದ್ಧ ಮುಗಿದು ಅಮೆರಿಕದ ಬಂದರುಗಳು ತೆರೆದವು. ಬೆಲೆ ಕುಸಿಯಿತು, ಮುಂಬಯಿಯ ಷೇರುಪೇಟೆ ಮುರಿದುಬಿತ್ತು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ್ದ ರೈತನಿಗೆ, ತನ್ನ ಹೊಲದ ಬೆಲೆಯನ್ನು ಏರಿಸಿ ಇಳಿಸಿದವರು ಚಾರ್ಲ್ಸ್‌ಟನ್ ಮುಂದೆ ಹಡಗು ನಿಲ್ಲಿಸಿದ್ದ ಅಧಿಕಾರಿಗಳೆಂದು ತಿಳಿಯುವ ದಾರಿ ಇರಲಿಲ್ಲ.

ಟ್ರೆಂಟ್ ಪ್ರಕರಣ

1861ರ ನವೆಂಬರ್ 8ರಂದು ಕ್ಯಾಪ್ಟನ್ ಚಾರ್ಲ್ಸ್ ವಿಲ್ಕ್ಸ್ 'ಟ್ರೆಂಟ್' ಎಂಬ ಬ್ರಿಟಿಷ್ ಅಂಚೆ ಹಡಗನ್ನು ನಿಲ್ಲಿಸಿ, ಅದರಲ್ಲಿದ್ದ ದಕ್ಷಿಣದ ರಾಯಭಾರಿಗಳಾದ ಮೇಸನ್ ಮತ್ತು ಸ್ಲೈಡೆಲ್ ಇಬ್ಬರನ್ನು ಸೆರೆಹಿಡಿದನು. ಇದಕ್ಕೆ ಮೇಲಿನವರ ಆಜ್ಞೆ ಇರಲಿಲ್ಲ. ಉತ್ತರದ ಜನ ವಿಲ್ಕ್ಸ್‌ನನ್ನು ಮೆರೆಸಿದರು. ವೆಲ್ಸ್ ಕೂಡ ಅಭಿನಂದಿಸಿದನು. ಬ್ರಿಟನ್ ಕೆರಳಿ ಕೆನಡಾಕ್ಕೆ ಸೈನ್ಯ ಕಳಿಸಿತು. ಡಿಸೆಂಬರ್ ಕೊನೆಯಲ್ಲಿ ಎರಡು ದಿನ ಮಂತ್ರಿಮಂಡಲ ಕೂಡಿ ಚರ್ಚಿಸಿದ ಮೇಲೆ ಲಿಂಕನ್ ಸೆರೆಯಾಳುಗಳನ್ನು ಬಿಟ್ಟುಕೊಡಲು ಒಪ್ಪಿದನು. ಒಂದು ಯುದ್ಧ ನಡೆಯುತ್ತಿರುವಾಗ ಇನ್ನೊಂದನ್ನು ಹೊತ್ತುಕೊಳ್ಳಲು ಆತ ಸಿದ್ಧನಿರಲಿಲ್ಲ. ವಿಲ್ಕ್ಸ್‌ಗೆ ಆಗ ಶಿಕ್ಷೆಯಾಗಲಿಲ್ಲ. ಆದರೆ ಹಿಡಿತಕ್ಕೆ ಸಿಗದ ಈತ 1864ರಲ್ಲಿ ಅವಿಧೇಯತೆಯ ಆರೋಪದ ಮೇಲೆ ಸೈನಿಕ ನ್ಯಾಯಾಲಯಕ್ಕೆ ಗುರಿಯಾದಾಗ, ಮೂರು ವರ್ಷಗಳ ಅಮಾನತನ್ನು ಲಿಂಕನ್ ಒಂದು ವರ್ಷಕ್ಕೆ ಇಳಿಸಿದನು.

ಮಾನಿಟರ್ ಮತ್ತು ನಾರ್ಫೋಕ್

1861ರ ಸೆಪ್ಟೆಂಬರಿನಲ್ಲಿ ಜಾನ್ ಎರಿಕ್ಸನ್ ರೂಪಿಸಿದ ವಿಚಿತ್ರ ಕವಚನೌಕೆಯೊಂದರ ಮಾದರಿ ಲಿಂಕನ್‌ನ ಮುಂದೆ ಬಂತು: ನೀರಿನ ಮಟ್ಟಕ್ಕೆ ಸಮನಾದ ತೇಲುಹಲಗೆ, ಅದರ ಮೇಲೆ ತಿರುಗುವ ಕಬ್ಬಿಣದ ಗೋಪುರ, ಅದರಲ್ಲಿ ಎರಡು ಫಿರಂಗಿ. ನೌಕಾಧಿಕಾರಿಗಳ ಮಂಡಳಿ ಅನುಮಾನಿಸಿತು. ಲಿಂಕನ್ ಸ್ವತಃ ಸಭೆಗೆ ಬಂದು ತನ್ನ ಎಂದಿನ ನಗೆಮಾತಿನಲ್ಲಿ ಅದರಲ್ಲೇನೋ ಇದೆ ಎಂಬ ಅಭಿಪ್ರಾಯ ಸೂಚಿಸಿದನು. ಆಜ್ಞೆ ಮಾಡಲಿಲ್ಲ, ಅಷ್ಟೇ ಸಾಕಾಯಿತು.

1862ರ ಮಾರ್ಚ್ 8ರಂದು ಹ್ಯಾಂಪ್ಟನ್ ರೋಡ್ಸ್ ಎಂಬ ಕೊಲ್ಲಿಯಲ್ಲಿ ಬುಕಾನನ್‌ನ 'ವರ್ಜೀನಿಯಾ' ಉತ್ತರದ 'ಕಂಬರ್ಲ್ಯಾಂಡ್' ಮತ್ತು 'ಕಾಂಗ್ರೆಸ್' ಎಂಬ ಎರಡು ಮರದ ಹಡಗುಗಳನ್ನು ನಾಶಮಾಡಿತು. ಮರುದಿನ ಬೆಳಗ್ಗೆ ಈ ಸುದ್ದಿ ಬಂದಾಗ ಯುದ್ಧ ಕಾರ್ಯದರ್ಶಿ ಸ್ಟ್ಯಾಂಟನ್, ಆ ಹಡಗು ನದಿಯಲ್ಲಿ ಬಂದು ರಾಜಧಾನಿಯನ್ನೇ ಹೊಡೆಯುವುದೆಂದು ಹೆದರಿ ಕಿಟಕಿಯಿಂದ ಕಿಟಕಿಗೆ ಓಡಾಡಿದನೆಂದು ವೆಲ್ಸ್ ಬರೆದಿದ್ದಾನೆ. ಅದೇ ದಿನ ಎರಿಕ್ಸನ್‌ನ 'ಮಾನಿಟರ್' ವರ್ಜೀನಿಯಾವನ್ನು ತಡೆದು ನಿಲ್ಲಿಸಿತು. ಮಾನಿಟರ್‌ನ ನಾಯಕ ಲೆಫ್ಟಿನೆಂಟ್ ಜಾನ್ ವರ್ಡನ್ ಕಣ್ಣಿಗೆ ಪೆಟ್ಟಾಗಿ ವಾಷಿಂಗ್ಟನ್‌ನಲ್ಲಿ ಮಲಗಿದ್ದಾಗ ಲಿಂಕನ್ ಆತನಿದ್ದಲ್ಲಿಗೇ ಹೋಗಿ ಕಣ್ಣೀರಿಟ್ಟನು.

ಮೇ ತಿಂಗಳಲ್ಲಿ ಲಿಂಕನ್ ಸ್ವತಃ ಹ್ಯಾಂಪ್ಟನ್ ರೋಡ್ಸ್‌ಗೆ ಬಂದಿಳಿದನು. ಮ್ಯಾಕ್ಲೆಲನ್‌ನ ದೊಡ್ಡ ಸೈನ್ಯ ಪಕ್ಕದ ಪರ್ಯಾಯದ್ವೀಪದಲ್ಲಿದ್ದರೂ ನಾರ್ಫೋಕ್ ಪಟ್ಟಣ ಇನ್ನೂ ಶತ್ರುವಿನ ಕೈಯಲ್ಲಿತ್ತು. ನೌಕಾಪಡೆಯ ಮುಖ್ಯಸ್ಥ ಗೋಲ್ಡ್ಸ್‌ಬರೊನಿಂದ ಶತ್ರುವಿನ ಫಿರಂಗಿ ನೆಲೆಗಳ ಮೇಲೆ ದಾಳಿ ಮಾಡಿಸಿ, ಸೈನಿಕರನ್ನು ಇಳಿಸಲು ತಕ್ಕ ದಡವನ್ನು ತಾನೇ ದೋಣಿಯಲ್ಲಿ ಹೋಗಿ ನೋಡಿದನು. ಮೇ 10ರಂದು ನಾರ್ಫೋಕ್ ವಶವಾಯಿತು. ನೆಲೆ ತಪ್ಪಿದ ವರ್ಜೀನಿಯಾವನ್ನು ಮರುದಿನ ಅದರ ಸಿಬ್ಬಂದಿಯೇ ಸ್ಫೋಟಿಸಿದರು. ಅಧಿಕಾರದಲ್ಲಿದ್ದ ಅಮೆರಿಕನ್ ಅಧ್ಯಕ್ಷನೊಬ್ಬ ರಣರಂಗದ ಕಾರ್ಯಾಚರಣೆಯನ್ನು ಇಷ್ಟು ಹತ್ತಿರದಿಂದ ನಡೆಸಿದ ಉದಾಹರಣೆಗಳು ತೀರ ಕಡಿಮೆ.

ನದಿಗಳ ಮೇಲೆ

ಪಶ್ಚಿಮದ ನದಿಗಳಲ್ಲಿ ಆಂಡ್ರ್ಯೂ ಫೂಟ್ ಎಂಬ ಅಧಿಕಾರಿ ತೋಪುದೋಣಿಗಳ ಪಡೆಯನ್ನು ಕಟ್ಟುತ್ತಿದ್ದನು. ಗೋಡೆಗಳ ಮೇಲಿನಿಂದ ಗುಂಡು ಹಾರಿಸುವ ಮಾರ್ಟರ್ ಫಿರಂಗಿಗಳು ಆತನಿಗೆ ಬೇಕಿದ್ದವು. ಸೇನೆಯ ಕಚೇರಿಗಳ ಆಲಸ್ಯದಲ್ಲಿ ಅವು ಸಿಕ್ಕಿಕೊಂಡಿದ್ದವು. 1862ರ ಜನವರಿಯಲ್ಲಿ ಲಿಂಕನ್ ಸಿಟ್ಟಾಗಿ, ಆ ಫಿರಂಗಿಗಳ ಸ್ಥಿತಿಯನ್ನು ದಿನವೂ ತಂತಿಯ ಮೂಲಕ ತನಗೆ ತಿಳಿಸಬೇಕೆಂದು ಏರ್ಪಡಿಸಿದನು. ಫೆಬ್ರವರಿ 6ರಂದು ಹೆನ್ರಿ ಕೋಟೆ ಭೂಸೇನೆ ಬರುವ ಮೊದಲೇ ಫೂಟ್‌ನ ದೋಣಿಗಳಿಗೆ ಶರಣಾಯಿತು.

ಅದೇ ಏಪ್ರಿಲ್‌ನಲ್ಲಿ ಡೇವಿಡ್ ಫ್ಯಾರಗಟ್ ನ್ಯೂ ಆರ್ಲಿಯನ್ಸನ್ನು ಗೆದ್ದನು. ಈತ ಟೆನಿಸಿಯಲ್ಲಿ ಹುಟ್ಟಿದವನು, ವರ್ಜೀನಿಯಾದಲ್ಲಿ ಮನೆ ಮಾಡಿದ್ದವನು. ದಕ್ಷಿಣದವನೆಂಬ ಸಂಶಯವನ್ನು ಬದಿಗೊತ್ತಿ ಆತನನ್ನು ಆರಿಸಿದವರು ವೆಲ್ಸ್ ಮತ್ತು ಫಾಕ್ಸ್, ಲಿಂಕನ್ ಒಪ್ಪಿದನು. 1861ರ ಡಿಸೆಂಬರಿನ ಕಾಯಿದೆ ವೃದ್ಧ ಅಧಿಕಾರಿಗಳನ್ನು ನಿವೃತ್ತಿಗೊಳಿಸಿ ಹಿರಿತನವನ್ನು ನೋಡದೆ ನೌಕಾದಳದ ನಾಯಕರನ್ನು ಆರಿಸುವ ಅಧಿಕಾರವನ್ನು ಅಧ್ಯಕ್ಷನಿಗೆ ಕೊಟ್ಟಿತ್ತು. 1862ರ ಜುಲೈಯಲ್ಲಿ ರಿಯರ್ ಅಡ್ಮಿರಲ್ ಪದವಿ ಸೃಷ್ಟಿಯಾದಾಗ ಅದನ್ನು ಪಡೆದ ಮೊದಲಿಗ ಫ್ಯಾರಗಟ್. ಅಕ್ಟೋಬರಿನಲ್ಲಿ ಪೊಹಾಟನ್ ಖ್ಯಾತಿಯ ಪೋರ್ಟರ್‌ನನ್ನೇ ಅನೇಕ ಹಿರಿಯರ ತಲೆಯ ಮೇಲಿಂದ ಎತ್ತಿ ಮಿಸಿಸಿಪಿ ದಳಕ್ಕೆ ಹಂಗಾಮಿ ರಿಯರ್ ಅಡ್ಮಿರಲ್ ಮಾಡಲಾಯಿತು. ವೆಲ್ಸ್‌ಗೆ ಆತನ ಬಡಾಯಿ ಹಿಡಿಸುತ್ತಿರಲಿಲ್ಲ. ಆದರೆ ಪೋರ್ಟರ್ ಕೆಲಸ ಮಾಡುವವನೆಂಬುದು ಅಧ್ಯಕ್ಷ, ಕಾರ್ಯದರ್ಶಿ ಇಬ್ಬರಿಗೂ ತಿಳಿದಿತ್ತು. 1863ರ ಏಪ್ರಿಲ್ 16ರ ರಾತ್ರಿ ವಿಕ್ಸ್‌ಬರ್ಗ್ ಫಿರಂಗಿಗಳ ಎದುರಿನಲ್ಲೇ ಹಡಗುಗಳನ್ನು ನಡೆಸಿ ಆತ ಗ್ರಾಂಟ್‌ನ ಸೈನ್ಯಕ್ಕೆ ನದಿ ದಾಟಿಸಿದನು. ಜುಲೈ 4ರಂದು ಆ ಊರು ಶರಣಾಯಿತು.

ಡ್ಯುಪಾಂಟ್ ಮತ್ತು ಡಾಲ್‌ಗ್ರೆನ್

ಅಧಿಕಾರಿಗಳ ವಿಷಯದಲ್ಲಿ ಲಿಂಕನ್‌ನ ನಡತೆ ಪ್ರಶ್ನೆಗೆ ಒಳಗಾಗುವುದು ಇಲ್ಲಿ. ಸ್ಯಾಮ್ಯುಯಲ್ ಡ್ಯುಪಾಂಟ್ 1861ರ ನವೆಂಬರ್ 7ರಂದು ಪೋರ್ಟ್ ರಾಯಲ್ ಗೆದ್ದು ದಿಗ್ಬಂಧನಕ್ಕೆ ದೊಡ್ಡ ನೆಲೆಯನ್ನು ದೊರಕಿಸಿದ್ದನು. ಗುಲಾಮನಾಗಿದ್ದ ರಾಬರ್ಟ್ ಸ್ಮಾಲ್ಸ್ 1862ರ ಮೇ 13ರಂದು 'ಪ್ಲಾಂಟರ್' ಹಡಗನ್ನು ಚಾರ್ಲ್ಸ್‌ಟನ್‌ನಿಂದ ಹಾರಿಸಿಕೊಂಡು ಬಂದು ಒಪ್ಪಿಸಿದ್ದು ಈತನ ದಳಕ್ಕೇ. ಚಾರ್ಲ್ಸ್‌ಟನ್ ಸಮ್ಟರ್‌ನ ಊರು. ಅದನ್ನು ಕವಚನೌಕೆಗಳಿಂದಲೇ ಗೆಲ್ಲಬೇಕೆಂಬುದು ವೆಲ್ಸ್ ಮತ್ತು ಫಾಕ್ಸ್ ಇಬ್ಬರ ಹಂಬಲ. ಅದು ಆಗದೆಂದು ಡ್ಯುಪಾಂಟ್‌ನ ಮನಸ್ಸಿನಲ್ಲಿತ್ತು, ಸ್ಪಷ್ಟವಾಗಿ ಹೇಳಲಿಲ್ಲ. ಹೆಚ್ಚು ಹಡಗು ಬೇಕೆಂಬ ಆತನ ಕೋರಿಕೆಗಳನ್ನು ನೋಡಿ ಲಿಂಕನ್‌ಗೆ ಮ್ಯಾಕ್ಲೆಲನ್‌ನ ನೆನಪಾಯಿತು. 1863ರ ಏಪ್ರಿಲ್ 7ರಂದು ಒಂಬತ್ತು ಕವಚನೌಕೆಗಳು ದಾಳಿ ಮಾಡಿ ಜರ್ಜರಿತವಾಗಿ ಮರಳಿದವು. 'ಕಿಯೊಕುಕ್' ಮರುದಿನ ಮುಳುಗಿತು. ಸ್ಥಳ ಬಿಡಬಾರದೆಂದು ಲಿಂಕನ್ ಬರೆದನು. ಅದನ್ನು ನಿಂದೆಯೆಂದು ತಿಳಿದ ಡ್ಯುಪಾಂಟ್ ತನ್ನನ್ನು ಬಿಡುಗಡೆ ಮಾಡಬಹುದೆಂದು ಉತ್ತರಿಸಿದನು. ಬಿಡುಗಡೆಯಾಯಿತು.

ಆತನ ಸ್ಥಾನಕ್ಕೆ ಮೊದಲು ಗೊತ್ತಾದವನು ಫೂಟ್. ಆತ ಜೂನ್ 26ರಂದು ತೀರಿಕೊಂಡದ್ದರಿಂದ ಜಾನ್ ಡಾಲ್‌ಗ್ರೆನ್‌ಗೆ ಅವಕಾಶ ಬಂತು. ಈತ ಫಿರಂಗಿಗಳ ತಜ್ಞ. ಮಾನಿಟರ್‌ನ ಫಿರಂಗಿಗಳೂ ಈತನ ವಿನ್ಯಾಸದವೇ. ಬುಕಾನನ್ ಹೋದ ಮೇಲೆ ವಾಷಿಂಗ್ಟನ್ ಕಾರ್ಯಾಗಾರದ ಮುಖ್ಯಸ್ಥನಾಗಿದ್ದ ಈತನ ಬಳಿಗೆ ಲಿಂಕನ್ ಮತ್ತೆ ಮತ್ತೆ ಬರುತ್ತಿದ್ದನು, ಫಿರಂಗಿ ಪರೀಕ್ಷೆ ನೋಡುತ್ತಿದ್ದನು. ಆ ಸ್ನೇಹದಿಂದಲೇ ಡಾಲ್‌ಗ್ರೆನ್‌ಗೆ ಬಡ್ತಿ ಬಂತೆಂದು ಸಮುದ್ರದಲ್ಲಿ ಹೋರಾಡುತ್ತಿದ್ದ ಅಧಿಕಾರಿಗಳು ಗೊಣಗಿದರು. ಯುದ್ಧದಲ್ಲಿ ಹಡಗು ನಡೆಸದವನು 1863ರ ಫೆಬ್ರವರಿಯಲ್ಲಿ ರಿಯರ್ ಅಡ್ಮಿರಲ್ ಆದುದನ್ನು ವೆಲ್ಸ್ ಕೂಡ ಮೆಚ್ಚಲಿಲ್ಲ. ಈ ದೂರಿನಲ್ಲಿ ಹುರುಳಿದೆ. ಡಾಲ್‌ಗ್ರೆನ್‌ಗೂ ಚಾರ್ಲ್ಸ್‌ಟನ್ ಸಿಗಲಿಲ್ಲ. 1865ರ ಫೆಬ್ರವರಿಯಲ್ಲಿ ಶರ್ಮನ್‌ನ ಸೈನ್ಯ ಒಳನಾಡಿನಿಂದ ಸಮೀಪಿಸಿದಾಗ ಶತ್ರುಗಳೇ ಅದನ್ನು ತೆರವು ಮಾಡಿದರು. ಸಮುದ್ರದಿಂದ ಮಾತ್ರ ಅದನ್ನು ಗೆಲ್ಲಲಾಗದೆಂಬ ಡ್ಯುಪಾಂಟ್‌ನ ಎಣಿಕೆ ಸರಿಯಾಗಿತ್ತು. ಅಪಮಾನದ ನೋವಿನಲ್ಲೇ ಆತ ಅದೇ ವರ್ಷದ ಜೂನ್‌ನಲ್ಲಿ ತೀರಿಕೊಂಡನು.

ಕೊನೆಯ ದಿನಗಳು

1864ರ ಆಗಸ್ಟ್ 5ರಂದು ಫ್ಯಾರಗಟ್ ಮೊಬೀಲ್ ಕೊಲ್ಲಿಯನ್ನು ಗೆದ್ದನು. ಅಲ್ಲಿ ಸೋತು ಸೆರೆಯಾದವನು ಮತ್ತೆ ಅದೇ ಬುಕಾನನ್. ಮುಂದಿನ ತಿಂಗಳು ಅಟ್ಲಾಂಟಾ ಬಿತ್ತು. ತಾನು ಸೋಲುವುದು ಖಂಡಿತವೆಂದು ಆಗಸ್ಟ್‌ನಲ್ಲಿ ನಂಬಿದ್ದ ಲಿಂಕನ್ ನವೆಂಬರಿನ ಚುನಾವಣೆಯಲ್ಲಿ ಗೆದ್ದುದಕ್ಕೆ ಈ ಎರಡು ವಿಜಯಗಳ ನೆರವು ದೊಡ್ಡದು.

1865ರ ಮಾರ್ಚ್ ಕೊನೆಗೆ ಲಿಂಕನ್ ವರ್ಜೀನಿಯಾದ ಸಿಟಿ ಪಾಯಿಂಟ್‌ಗೆ ಬಂದನು. ಮಾರ್ಚ್ 28ರಂದು 'ರಿವರ್ ಕ್ವೀನ್' ಹಡಗಿನಲ್ಲಿ ಗ್ರಾಂಟ್, ಶರ್ಮನ್ ಜೊತೆಗೆ ಸಮಾಲೋಚನೆಗೆ ಕುಳಿತ ಏಕೈಕ ನೌಕಾಧಿಕಾರಿ ಪೋರ್ಟರ್. ತನ್ನ ಹಡಗಿನಲ್ಲಿ ಲಿಂಕನ್ ಮಲಗಿದ್ದ ಮಂಚ ಗಿಡ್ಡವಾಯಿತೆಂದು ತಿಳಿದು ಬಡಗಿಗಳಿಂದ ಗುಟ್ಟಾಗಿ ಅದನ್ನು ಉದ್ದ ಮಾಡಿಸಿದೆನೆಂದೂ, ರಾತ್ರಿಯಲ್ಲಿ ತಾನು ಕುಗ್ಗಿಹೋದೆನೆಂದು ಬೆಳಗ್ಗೆ ಲಿಂಕನ್ ನಕ್ಕನೆಂದೂ ಪೋರ್ಟರ್ ಬರೆದಿದ್ದಾನೆ. ಈತನ ನೆನಪುಗಳಲ್ಲಿ ಬಣ್ಣ ಹೆಚ್ಚು. ಎಲ್ಲವನ್ನೂ ಅಕ್ಷರಶಃ ನಂಬಬೇಕಾಗಿಲ್ಲ. ಏಪ್ರಿಲ್ 4ರಂದು ಶತ್ರುಗಳ ರಾಜಧಾನಿ ರಿಚ್ಮಂಡ್‌ಗೆ ಲಿಂಕನ್ ಪೋರ್ಟರ್‌ನೊಡನೆ ಹನ್ನೆರಡು ನಾವಿಕರು ಹುಟ್ಟುಹಾಕಿದ ದೋಣಿಯಲ್ಲಿ ಹೋಗಿ ಇಳಿದನು.

ಏಪ್ರಿಲ್ 14ರ ಮಧ್ಯಾಹ್ನ ಲಿಂಕನ್ ಪತ್ನಿಯೊಡನೆ ಸಾರೋಟಿನಲ್ಲಿ ವಾಷಿಂಗ್ಟನ್ ನೌಕಾ ಕಾರ್ಯಾಗಾರಕ್ಕೆ ಹೋಗಿ, ಚಾರ್ಲ್ಸ್‌ಟನ್ ದಾಳಿಯಲ್ಲಿ ಪೆಟ್ಟು ತಿಂದಿದ್ದ 'ಮಾಂಟಾಕ್' ಎಂಬ ಕವಚನೌಕೆಯನ್ನು ನೋಡಿ ಬಂದನು. ಆ ರಾತ್ರಿ ನಾಟಕಶಾಲೆಯಲ್ಲಿ ಜಾನ್ ವಿಲ್ಕ್ಸ್ ಬೂತ್ ಆತನಿಗೆ ಗುಂಡಿಕ್ಕಿದನು. ಎರಡು ವಾರಗಳ ನಂತರ ಬೂತ್‌ನ ಶವವನ್ನು ತಂದು ಪರೀಕ್ಷೆ ಮಾಡಿದ್ದು ಅದೇ ಮಾಂಟಾಕ್ ಹಡಗಿನ ಮೇಲೆ.